ಮಾಟುಂಗಾದ ಬೋರ್ಡಿಂಗ್ ಊಟ ಮತ್ತು ಜೊತೆ ಬಿಟ್ಟ ಲಾಡ್ಜಿಂಗ್

ಮುಂಬಯಿಯ ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ಹೊರಬಂದರೆ, ಎದುರಿನ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿ ಎ. ರಾಮ ನಾಯಕ್ ಅವರು ಸ್ಥಾಪಿಸಿದ 'ಉಡಿಪಿ ಶ್ರೀ ಕೃಷ್ಣ ಬೋರ್ಡಿಂಗ್' ಇದೆ. 1942ರಲ್ಲಿ ಆರಂಭವಾದ ಈ ಊಟದ ಮನೆಯ ಬಗ್ಗೆ ಬರಹಗಳಿಗೇನೂ ಬರವಿಲ್ಲ. ಆದರೆ ಬರೆದವರಲ್ಲಿ ಹೆಚ್ಚಿನವರು ಇದನ್ನೊಂದು ರೆಸ್ಟೋರೆಂಟ್ ಎಂದು ಭಾವಿಸಿ, ಪೂರಿ ಎಷ್ಟು ಉಬ್ಬಿತ್ತು, ಸಾರಿಗೆ ಖಾರ ಸಾಕಿತ್ತೇ, ಸರದಿಯಲ್ಲಿ ಎಷ್ಟು ಹೊತ್ತು ನಿಂತೆವು ಎಂದು ಲೆಕ್ಕ ಒಪ್ಪಿಸಿ ಮುಗಿಸುತ್ತಾರೆ. ನನ್ನ ತಕರಾರು ಆ ಅಳತೆಗೋಲಿನ ಬಗ್ಗೆ. ಬೋರ್ಡಿಂಗ್ ಎಂದು ಹೆಸರಿನಲ್ಲೇ ಹೇಳಿಕೊಂಡಿರುವ ಜಾಗವನ್ನು ಬೋರ್ಡಿಂಗ್ ಆಗಿಯೇ ಪರೀಕ್ಷಿಸಬೇಕು. ಅಂದರೆ, ಮನೆಯಲ್ಲಿ ಒಲೆಯಿಲ್ಲದ ಮನುಷ್ಯ ಇಲ್ಲಿ ನಿತ್ಯ ಉಣ್ಣಬಹುದೇ ಎಂದು ಕೇಳಬೇಕು. ಈ ವಿಮರ್ಶೆಯನ್ನು ಆ ಪ್ರಶ್ನೆಯನ್ನು ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ಕನ್ನಡಿಗರ ಕಿವಿಗೆ ಬೋರ್ಡಿಂಗ್ ಒಂಟಿಯಾಗಿ ಬೀಳುವುದು ಅಪರೂಪ. 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂದು ಒಂದೇ ಉಸಿರಿನಲ್ಲಿ ಹೇಳಿ ನಮಗೆ ರೂಢಿ. ಇಂಗ್ಲಿಷಿನಲ್ಲಿ ಬೋರ್ಡ್ ಎಂದರೆ ಮೊದಲಿಗೆ ಹಲಗೆ, ಆಮೇಲೆ ಊಟದ ಮೇಜು, ಕೊನೆಗೆ ಆ ಮೇಜಿನ ಮೇಲೆ ದೊರೆಯುವ ಊಟ. ಊಟಕ್ಕೆ ಬಂದವರಿಗೆ ಮಣೆ ಹಾಕುವ ನಾಡಿನವರಾದ ನಮಗೆ ಹಲಗೆಯಿಂದ ಊಟಕ್ಕೆ ಹೋಗುವ ಈ ದಾರಿ ಅಪರಿಚಿತವಾಗಿ ತೋರಬೇಕಾಗಿಲ್ಲ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಗಂಡ ಹೆಂಡತಿ 'ಬೆಡ್ ಅಂಡ್ ಬೋರ್ಡ್'ನಿಂದ, ಎಂದರೆ ಹಾಸಿಗೆಯಿಂದಲೂ ಊಟದಿಂದಲೂ, ಬೇರೆಯಾಗುವ ಒಂದು ಬಗೆಯ ವಿಚ್ಛೇದನವೇ ಇತ್ತು; 1857ರ ಕಾಯ್ದೆ ಅದರ ಜಾಗಕ್ಕೆ ನ್ಯಾಯಿಕ ಪ್ರತ್ಯೇಕತೆಯನ್ನು ತಂದಿತು. ಮಲಗುವುದು ಮತ್ತು ಉಣ್ಣುವುದು, ಈ ಎರಡು ಸೇರಿದರೆ ಸಂಸಾರ ಎಂಬ ತಿಳಿವಳಿಕೆ ಅದರ ಹಿಂದಿದೆ. ವಿಮಾನ ನಿಲ್ದಾಣದ ಬೋರ್ಡಿಂಗ್ ಪಾಸಿನ ಸಂಬಂಧ ಹಡಗಿನ ಹಲಗೆಯ ಕಡೆಯದು, ಅದಕ್ಕೂ ಊಟಕ್ಕೂ ನಂಟಿಲ್ಲ.

ನಮ್ಮ ಕಡೆ ಈ ಜೋಡಿ ಊರಿಗೊಂದು ಬಗೆಯಲ್ಲಿ ಬಾಳಿದೆ. ಧಾರವಾಡ, ಬೆಳಗಾವಿ ಸೀಮೆಯ ಹಿರಿಯರಿಗೆ ಬೋರ್ಡಿಂಗ್ ಎಂದರೆ ವಿದ್ಯಾರ್ಥಿ ನಿಲಯ. ಛತ್ರಪತಿ ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ 1901ರಿಂದ ಒಂದೊಂದು ಸಮುದಾಯದ ಹುಡುಗರಿಗಾಗಿ ನೆಲೆಗೊಳಿಸಿದ ಬೋರ್ಡಿಂಗುಗಳ ನೆರಳು ಈ ಬಳಕೆಯ ಮೇಲೆ ಬಿದ್ದಿದೆ. ಅಲ್ಲಿ ಮುಖ್ಯವಾದದ್ದು ಇರಲು ಸಿಗುವ ಕೋಣೆ. ಕರಾವಳಿಯವರಿಗಾದರೋ ಬೋರ್ಡಿಂಗ್ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಎಲೆ ಮತ್ತು ಅನ್ನ. ಉಳಿದಂತೆ ಕರ್ನಾಟಕದ ಯಾವುದೇ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಎಂಬ ಫಲಕ ಕಂಡರೆ, ಕೋಣೆ ಖಂಡಿತ ಸಿಗುತ್ತದೆ, ಊಟದ ಭರವಸೆ ಇಲ್ಲ. ಅಡುಗೆಮನೆ ಮುಚ್ಚಿ ಎಷ್ಟೋ ಕಾಲವಾದ ಮೇಲೂ ಫಲಕದಲ್ಲಿ ಆ ಮಾತು ಉಳಿದಿರುತ್ತದೆ. ಕೆಲಸಕ್ಕೆ ಜನ ಬೇಕು ಎಂಬ ಜಾಹೀರಾತಿನಲ್ಲಿ 'ಊಟ ವಸತಿ ಉಚಿತ' ಎಂದಾಗ ಅದು ಸಂಬಳದ ಒಂದು ಭಾಗ. ಅಲ್ಲಿ ಎರಡರಲ್ಲಿ ಒಂದು ತಪ್ಪಿದರೂ ಹುಡುಗರು ಗಂಟು ಕಟ್ಟಿಕೊಂಡು ಊರಿನ ಬಸ್ಸು ಹತ್ತುತ್ತಾರೆ.

ಮುಂಬಯಿಯಲ್ಲಿ ಜೋಡಿ ಬೇರೆಯಾದದ್ದಕ್ಕೆ ಕಾರಣ ಜಾಗ. ಗಿರಣಿ, ಹಡಗುಕಟ್ಟೆ, ಕಚೇರಿಗಳಿಗೆ ಬಂದ ಗಂಡಸರಿಗೆ ಚಾಳಿನ, ಎಂದರೆ ಸಾಲುಕೋಣೆಗಳ ವಠಾರದ, ಒಂದು ಕೋಣೆಯಲ್ಲಿ ಚಾಪೆ ಹಾಸುವಷ್ಟು ನೆಲ ಸಿಕ್ಕರೆ ದೊಡ್ಡದು. ಒಬ್ಬನ ಪಾಳಿ ಮುಗಿದಾಗ ಇನ್ನೊಬ್ಬ ಎದ್ದು ಹೋಗುತ್ತಿದ್ದ ಅಂಥ ಕೋಣೆಗಳಲ್ಲಿ ಒಲೆ ಹೂಡುವುದು ಎಲ್ಲಿ ಬಂತು? ಧೋಬಿ ತಲಾವಿನ ಸುತ್ತ ಗೋವಾದವರು ಊರಿಗೊಂದರಂತೆ ಕಟ್ಟಿಕೊಂಡ 'ಕೂಡ್'ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಹಡಗಿನ ಕೆಲಸ ಹುಡುಕಿ ಬಂದವರು ತಮ್ಮ ಟ್ರಂಕು ಇಟ್ಟು, ಸಂಜೆ ಪ್ರಾರ್ಥನೆಗೆ ಸೇರಿ, ಅಲ್ಪ ಬಾಡಿಗೆಗೆ ಮಲಗುವ ಜಾಗವದು: ಶುದ್ಧ ಲಾಡ್ಜಿಂಗ್. ಇನ್ನೊಂದು ಅರ್ಧವನ್ನು, ಎಂದರೆ ಊಟವನ್ನು, ಬಟ್ಟೆ ಗಿರಣಿಗಳ ಸೀಮೆಯಾದ ಗಿರಣಗಾಂವ್‌ನಲ್ಲಿ ಖಾನಾವಳಿಯ ಹೆಂಗಸರು ನೋಡಿಕೊಂಡರು. ತಿಂಗಳ ಲೆಕ್ಕಕ್ಕೆ ಹತ್ತಾರು ಕಾರ್ಮಿಕರಿಗೆ ತಮ್ಮ ಮನೆಯಲ್ಲೇ ರೊಟ್ಟಿ ಬೇಯಿಸಿ ಹಾಕುತ್ತಿದ್ದ ಆ ಹೆಂಗಸರು ಸಾಮಾನು ತರಲು ಬಡ್ಡಿ ಸಾಲದಲ್ಲಿ ಮುಳುಗುತ್ತಿದ್ದರು. ಕಾರ್ಮಿಕ ಹೋರಾಟಗಾರ್ತಿ ಪ್ರೇಮಾತಾಯಿ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದ್ದು ಅವರಿಗಾಗಿ. ಇವತ್ತು ಅಂಧೇರಿ, ಪವಾಯಿಗಳಲ್ಲಿ ನಮ್ಮ ಹುಡುಗ ಹುಡುಗಿಯರು 'ಪೇಯಿಂಗ್ ಗೆಸ್ಟ್' ಆಗಿ ಕೋಣೆ ಹಿಡಿದು, ಡಬ್ಬದ ಊಟಕ್ಕೆ ಬೇರೆಯವರಿಗೆ ದುಡ್ಡು ಕೊಡುವುದೂ ಅದೇ ಹಳೆಯ ವಿಭಜನೆಯ ಮುಂದುವರಿಕೆ.

ಮಾಟುಂಗಾದ ಕತೆ ಸ್ವಲ್ಪ ಬೇರೆ. ಪ್ಲೇಗಿನ ನಂತರ, 1898ರಲ್ಲಿ ಸ್ಥಾಪನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ನಗರ ಸುಧಾರಣಾ ಸಂಸ್ಥೆ ದಾದರ್, ಮಾಟುಂಗಾ, ಸಾಯನ್ ಕಡೆ ಹೊಸ ಬಡಾವಣೆ ಮಾಡಿತು. ದಕ್ಷಿಣದಿಂದ ಬಂದ ಗುಮಾಸ್ತರು, ಲೆಕ್ಕಿಗರು, ಬೆರಳಚ್ಚುಗಾರರು ಅಲ್ಲಿ ನೆಲೆಸಿದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1932ರಲ್ಲಿ ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿ, 1940ರಲ್ಲಿ ಕೆಫೆ ಮದ್ರಾಸ್, ಅದಾಗಿ ಎರಡು ವರ್ಷಕ್ಕೆ ಈ ಬೋರ್ಡಿಂಗ್. ತಿಂಡಿಗೆ ಕೆಫೆ, ಊಟಕ್ಕೆ ಬೋರ್ಡಿಂಗ್ ಎಂಬ ಹಂಚಿಕೆ ಈ ಪೇಟೆಯ ಫಲಕಗಳಲ್ಲಿ ಇನ್ನೂ ಓದಲು ಸಿಗುತ್ತದೆ. ನಗರದ ಉಳಿದೆಡೆ 'ಉಡುಪಿ' ಎಂಬ ಹೆಸರು ಪಾವ್ ಭಾಜಿಯಿಂದ ನೂಡಲ್ಸ್‌ವರೆಗೆ ಎಲ್ಲವನ್ನೂ ನುಂಗಿಕೊಂಡಿರುವಾಗ ಈ ಹಂಚಿಕೆ ಉಳಿದಿರುವುದೇ ಒಂದು ಸಮಾಧಾನ.

ಈಗ ಊಟದ ವಿಷಯಕ್ಕೆ ಬರುತ್ತೇನೆ. ಮೆಟ್ಟಿಲು ಹತ್ತಿ ಹೋದರೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯಬೇಕು. ತಟ್ಟೆಯ ಊಟವೋ ಎಲೆಯ ಊಟವೋ, ಅಳತೆಯ ಊಟವೋ ಹೊಟ್ಟೆ ತುಂಬುವಷ್ಟರ ಊಟವೋ ಎಂಬುದು ಅಲ್ಲೇ ತೀರ್ಮಾನವಾಗಬೇಕು. ಎಲೆಯನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಬಿಸಿ ಅನ್ನ ಬಿದ್ದ ಕೂಡಲೇ ಬಾಳೆಯಿಂದ ಏಳುವ ಹಸಿ ಪರಿಮಳಕ್ಕೆ ಸ್ಟೀಲ್ ತಟ್ಟೆಯಲ್ಲಿ ಬದಲಿಯಿಲ್ಲ. ಕುಳಿತುಕೊಳ್ಳುವ ಜಾಗವನ್ನು ನೀವು ಆರಿಸುವುದಿಲ್ಲ, ಖಾಲಿಯಾದ ಕುರ್ಚಿಗೆ ನಿಮ್ಮನ್ನು ಕರೆಯುತ್ತಾರೆ. ಪಕ್ಕದಲ್ಲಿ ಯಾರಾದರೂ ಇರಬಹುದು. ನಾನು ಹೋದ ಮಧ್ಯಾಹ್ನ ಒಂದು ಕಡೆ ಮೂವರು ಕಾಲೇಜು ಹುಡುಗಿಯರು ಫೋಟೋ ತೆಗೆಯುವ ಸಡಗರದಲ್ಲಿದ್ದರೆ, ಇನ್ನೊಂದು ಕಡೆ ಚರ್ಮದ ಹಳೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡ ಹಿರಿಯರೊಬ್ಬರು ಮಾತಿಲ್ಲದೆ ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದರು.

ಎರಡು ಪಲ್ಯ ಬಂದವು. ತೊಂಡೆಕಾಯಿಯದು ಒಣ ಪಲ್ಯ, ಕಾಯಿತುರಿ ಹದವಾಗಿ ಬಿದ್ದಿತ್ತು, ತೊಂಡೆಯ ಬಿಲ್ಲೆಗಳು ಬೆಂದೂ ಗಟ್ಟಿಯಾಗಿದ್ದವು. ಬಟಾಟೆಯದು ರಸ ಇದ್ದದ್ದು, ಪೂರಿಗೆ ಜೊತೆ. ಪೂರಿ, ಚಪಾತಿಗಳು ಉಡುಪಿಯ ಊಟದಲ್ಲಿ ಮೂಲತಃ ಇದ್ದವಲ್ಲ; ಗೋಧಿ ತಿನ್ನುವ ನಗರಕ್ಕೆ ಬಂದ ಅಡುಗೆಯವರು ಕೊಟ್ಟ ಮರ್ಯಾದೆ ಅದು, ಮತ್ತು ಅದರಿಂದ ಊಟ ಕೆಟ್ಟಿಲ್ಲ. ಪೂರಿ ಮುಗಿಯುತ್ತಿದ್ದಂತೆ ಅನ್ನ, ಅದರ ಮೇಲೆ ತೊವ್ವೆ, ಆಮೇಲೆ ಸಾಂಬಾರು, ಸಾರು, ಕೊನೆಗೆ ಮೊಸರು. ಸಾಂಬಾರಿನಲ್ಲಿ ಬೆಲ್ಲದ ಛಾಯೆ ಇದೆ. ತಮಿಳು ರುಚಿಗೆ ಹೊಂದಿಕೊಂಡವರಿಗೆ ಅದು ಸಪ್ಪೆ ಎನಿಸಬಹುದು, ನಮ್ಮವರಿಗೆ ಮನೆಯ ನೆನಪಾಗುತ್ತದೆ. ಊಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಾರು. ತೆಳುವಾಗಿ, ಮೇಲೆ ತುಪ್ಪದ ಒಗ್ಗರಣೆಯ ಹೊಳಪು ತೇಲುತ್ತ, ಇಂಗು ಮೂಗಿಗೆ ತಿಳಿಯುವಷ್ಟೇ ಇದ್ದು, ಹುಳಿ ನಾಲಿಗೆಯ ತುದಿಯಲ್ಲಿ ನಿಂತು ಹೋಗುವ ಸಾರು. ಅದನ್ನು ಎಲೆಯಿಂದ ಹರಿಯಗೊಡದಂತೆ ಅನ್ನಕ್ಕೆ ಗುಂಡಿ ತೋಡಿ ಕಲಸಿಕೊಳ್ಳುವ ಕೈಚಳಕ ಮರೆತವರು ಬಟ್ಟಲಿನಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಬೋರ್ಡಿಂಗ್ ಎಂದರೇನು ಎಂಬುದು ನನಗೆ ಕಂಡದ್ದು ಬಡಿಸುವ ರೀತಿಯಲ್ಲಿ. ಪಕ್ಕದ ಹಿರಿಯರಿಗೆ ಬಡಿಸುವಾತ ಅರ್ಧ ಸೌಟು ಅನ್ನ ಹಾಕಿ ಮುಂದೆ ಹೋದ. ಅವರು ಕೇಳಲಿಲ್ಲ, ಸಾಕೆಂದು ಕೈ ಅಡ್ಡ ಹಿಡಿಯಲಿಲ್ಲ. ಪೂರಿಯನ್ನು ಅವರ ಎಲೆಗೆ ಹಾಕಲೇ ಇಲ್ಲ, ಎರಡು ಚಪಾತಿ ತಂದಿಟ್ಟ. ಮೊಸರಿನ ಹೊತ್ತಿಗೆ ಅವರ ಎಲೆಗೆ ಸ್ವಲ್ಪ ಉಪ್ಪನ್ನು ಮತ್ತೊಮ್ಮೆ ತಂದು ಹಾಕಿದ. 'ದಿನಾ ಬರುತ್ತೀರಾ?' ಎಂದು ಕೇಳಿದೆ. 'ಸೋಮವಾರ ಮಗಳ ಮನೆ, ಉಳಿದದ್ದೆಲ್ಲ ಇಲ್ಲೇ' ಎಂದು ಹೇಳಿ, ಎಲೆಯನ್ನು ತಮ್ಮ ಕಡೆಗೆ ಮಡಚಿ ಎದ್ದರು. ಉಣ್ಣುವವನ ಅಳತೆ ಬಡಿಸುವವನಿಗೆ ಗೊತ್ತಿರುವುದು, ಇದು ಯಾವ ಮೆನು ಕಾರ್ಡಿನಲ್ಲೂ ಬರೆದಿರುವುದಿಲ್ಲ. ರೆಸ್ಟೋರೆಂಟಿನಲ್ಲಿ ಗಿರಾಕಿಯ ಇಷ್ಟವನ್ನು ಕೇಳಿ ತಿಳಿಯುತ್ತಾರೆ. ಬೋರ್ಡಿಂಗಿನಲ್ಲಿ ನೋಡಿ ನೋಡಿ ತಿಳಿದಿರುತ್ತಾರೆ.

ಹಾಗೆ ನೋಡಿದರೆ ಹೊಗಳಿಕೆಯ ಬರಹಗಳಲ್ಲಿ ಕೊರತೆಯಾಗಿ ಕಾಣಿಸಿದ ಕೆಲವು ಸಂಗತಿಗಳು ಇಲ್ಲಿ ಗುಣಗಳೇ ಆಗುತ್ತವೆ. ರುಚಿ ತೀವ್ರವಾಗಿಲ್ಲ ಎನ್ನುತ್ತಾರೆ. ನಿತ್ಯ ತಿನ್ನುವ ಊಟ ತೀವ್ರವಾಗಿದ್ದರೆ ವಾರದೊಳಗೆ ಹೊಟ್ಟೆ ಮುಷ್ಕರ ಹೂಡುತ್ತದೆ. ಆಯ್ಕೆ ಕಡಿಮೆ ಎನ್ನುತ್ತಾರೆ. ಪಲ್ಯ ದಿನದಿನಕ್ಕೆ ಬದಲಾಗುತ್ತದೆ, ಇವತ್ತು ಏನು ಎಂದು ತೀರ್ಮಾನಿಸುವ ತಲೆನೋವು ಅಡುಗೆಯವರದು, ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ? ಊಟವಾದ ಮೇಲೆ ಕೂತು ಹರಟಲು ಬಿಡುವುದಿಲ್ಲ ಎನ್ನುತ್ತಾರೆ. ಬಾಗಿಲಲ್ಲಿ ಹಸಿದವರು ನಿಂತಿರುವಾಗ ಕುರ್ಚಿ ಬಿಟ್ಟೇಳುವುದು ಪಂಕ್ತಿಯ ಮರ್ಯಾದೆ. ಎಲೆಯಲ್ಲಿ ಬಿಡಬಾರದು ಎಂಬ ಕಟ್ಟುನಿಟ್ಟನ್ನೂ ನಾನು ಒಪ್ಪುತ್ತೇನೆ, ಹೊಟ್ಟೆ ತುಂಬುವಷ್ಟು ಬಡಿಸುವ ಕಡೆ ಆ ಶಿಸ್ತು ಇಲ್ಲದಿದ್ದರೆ ಬೆಲೆ ಹಿಡಿತದಲ್ಲಿ ಉಳಿಯುವುದಿಲ್ಲ. 'ಲಿಮಿಟೆಡ್', 'ಅನ್‌ಲಿಮಿಟೆಡ್' ಎಂಬ ಇನ್ನೊಂದು ಜೋಡಿ ಮುಂಬಯಿಯ ಎಲ್ಲ ಊಟದ ಮನೆಗಳಲ್ಲಿ ಓಡಾಡುತ್ತದೆ. ದಿನಾ ಬರುವವರು ಹೆಚ್ಚಾಗಿ ಲಿಮಿಟೆಡ್ ಊಟದವರು. ಅನ್‌ಲಿಮಿಟೆಡ್ ಬೇಕಾಗುವುದು ಒಂದು ದಿನಕ್ಕೆ ಬರುವ ನಮ್ಮಂಥವರಿಗೆ.

ಇನ್ನು ಲಾಡ್ಜಿಂಗ್ ಕಡೆಯ ಮಾತು. ಆಸ್ಪತ್ರೆಯ ಕೆಲಸಕ್ಕೆ ಊರಿನಿಂದ ಬಂದ ನನ್ನ ಸೋದರಮಾವನವರನ್ನು ಇದೇ ನಗರದ ಒಂದು ವಸತಿಗೃಹದಲ್ಲಿ ಇಳಿಸಬೇಕಾಗಿ ಬಂತು. ಫಲಕದಲ್ಲಿ ಜೋಡಿ ಪೂರ್ತಿ ಇತ್ತು, ಬೋರ್ಡಿಂಗ್ ಅಕ್ಷರಗಳೇ ದಪ್ಪವಾಗಿದ್ದವು. ಒಳಗೆ ಹೋದರೆ ಅಡುಗೆಮನೆ ಇಲ್ಲ. ಹುಡುಗನೊಬ್ಬ ಪಕ್ಕದ ಹೋಟೆಲಿನಿಂದ ಊಟ ತಂದುಕೊಡುತ್ತಾನೆ, ಅದರ ಬೆಲೆಯ ಮೇಲೆ ವಸತಿಗೃಹದವರ 'ರೂಮ್ ಸರ್ವಿಸ್' ಬೇರೆ ಸೇರುತ್ತದೆ. ಮಾವನವರಿಗೆ ಬೇಕಾದದ್ದು ರಾತ್ರಿ ಗಂಜಿ, ಒಂದಿಷ್ಟು ಮಜ್ಜಿಗೆ. ಮೂರನೆಯ ಮಹಡಿಯ ಕೋಣೆಗೆ ಬಂದದ್ದು ಎಣ್ಣೆ ತೇಲುವ ಪನೀರ್ ಮತ್ತು ತಣ್ಣಗಾದ ರೊಟ್ಟಿ. 'ಬೋರ್ಡಿಂಗ್ ಎಂದು ಬರೆದಿದ್ದೀರಲ್ಲ ಸ್ವಾಮಿ' ಎಂದು ಕೇಳಿದರೆ, ಗಲ್ಲಾದಲ್ಲಿದ್ದ ಯುವಕ ಅದು ಲಾಡ್ಜಿನ ಹೆಸರಿನ ಜೊತೆಗೇ ಬರುವ ಮಾತು ಎಂಬಂತೆ ನಕ್ಕ. ತಪ್ಪು ಅವನದಲ್ಲ; ಅವನು ಹುಟ್ಟುವ ಮೊದಲೇ ಬರೆಸಿದ ಫಲಕವಿದ್ದೀತು. ಆದರೆ ಇಂಥ ಕಡೆ ರೋಗಿಯನ್ನೋ ಮಕ್ಕಳನ್ನೋ ಇಳಿಸುವವರು, ಅಡುಗೆ ಇಲ್ಲೇ ಆಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಹೋಟೆಲ್ ಎಂದರೆ ತಿನ್ನುವ ಜಾಗ, ಲಾಡ್ಜ್ ಎಂದರೆ ಮಲಗುವ ಜಾಗ. ಆ ವ್ಯತ್ಯಾಸ ನಮ್ಮ ಬಾಯಲ್ಲಿ ಸ್ಪಷ್ಟವಾಗಿದೆ, ಫಲಕಗಳಲ್ಲಿ ಕಲಸಿಹೋಗಿದೆ.

ಗೋವಾದ ರಿಸಾರ್ಟುಗಳು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ, ಆದರೆ ಅವರ ಸಂಕೇತಗಳನ್ನು ಓದಲು ಬರಬೇಕು. ಬುಕಿಂಗ್ ಹಾಳೆಯಲ್ಲಿ 'ಇಪಿ' ಎಂದಿದ್ದರೆ ಕೋಣೆ ಮಾತ್ರ. 'ಸಿಪಿ' ಎಂದರೆ ಕೋಣೆಯ ಜೊತೆ ಬೆಳಗಿನ ತಿಂಡಿ. 'ಎಂಎಪಿ' ಎಂದರೆ ತಿಂಡಿ ಮತ್ತು ಮಧ್ಯಾಹ್ನ ಅಥವಾ ರಾತ್ರಿಯ ಒಂದು ಊಟ, 'ಎಪಿ' ಎಂದರೆ ಮೂರೂ ಹೊತ್ತು. ಯೂರೋಪಿನವರು ಹೆಚ್ಚಾಗಿ ಬರುವ ಕಡೆ ಕೊನೆಯ ಎರಡನ್ನು 'ಹಾಫ್ ಬೋರ್ಡ್', 'ಫುಲ್ ಬೋರ್ಡ್' ಎನ್ನುತ್ತಾರೆ. ಬೆಂಗಳೂರು, ಹುಬ್ಬಳ್ಳಿಯಿಂದ ಹೋಗುವ ನಮ್ಮ ಕುಟುಂಬಗಳಿಗೆ ಸಿಪಿ ಸಾಕು ಎಂಬುದು ನನ್ನ ಅಭಿಪ್ರಾಯ. ಹಗಲೆಲ್ಲ ಪಣಜಿ, ಹಳೆ ಗೋವಾ, ಸಮುದ್ರ ತೀರ ಎಂದು ಸುತ್ತುವವರು ಮೂರೂ ಹೊತ್ತಿಗೆ ಮುಂಗಡ ಹಣ ಕೊಟ್ಟರೆ ಅದರಲ್ಲಿ ಒಂದು ಹೊತ್ತಿನದು ದಂಡವಾಗುವುದೇ ಹೆಚ್ಚು. ಮೀನು ತಿನ್ನುವವರಂತೂ ಹೊರಗೆ ಊರವರ ಖಾನಾವಳಿ ಹುಡುಕಿಕೊಳ್ಳಲಿ. ಪುಣೆಯಲ್ಲಿ ಬೋರ್ಡಿಂಗ್ ಎಂಬ ಮಾತು ವಿದ್ಯಾರ್ಥಿಗಳ ಬಾಯಿಂದ ಬಹುಮಟ್ಟಿಗೆ ಹೋಗಿ, 'ಮೆಸ್' ಆ ಜಾಗ ಹಿಡಿದಿದೆ. ಅಲ್ಲಿಯ ಲಕ್ಷ್ಮಿ ರಸ್ತೆಯ ಪೂನಾ ಗೆಸ್ಟ್ ಹೌಸ್‌ಗೆ ಮಹಾರಾಷ್ಟ್ರದ ಊಟ, ತಿಂಡಿಗೆಂದು ಹೋಗುವ ಜನರನ್ನು ನೋಡಿದರೆ, ಹೆಸರಿನಲ್ಲಿ ಲಾಡ್ಜಿಂಗ್ ಇದ್ದು ಖ್ಯಾತಿ ಊಟದಿಂದ ಬಂದ ತಿರುವುಮುರುವು ಸಂಗತಿಯೂ ಕಾಣುತ್ತದೆ.

ಮಾಟುಂಗಾಕ್ಕೆ ಹೋಗುವವರಿಗೆ ಒಂದೆರಡು ಸೂಚನೆ. ನಗರದಲ್ಲಿ ಮಾಟುಂಗಾ ಮತ್ತು ಮಾಟುಂಗಾ ರೋಡ್ ಎಂದು ಎರಡು ನಿಲ್ದಾಣಗಳಿವೆ, ಎರಡನೆಯದು ಪಶ್ಚಿಮ ರೈಲ್ವೆಯದು. ಬೋರ್ಡಿಂಗಿಗೆ ಹತ್ತಿರವಿರುವುದು ಮೊದಲನೆಯದು. ದಾದರಿನಿಂದ ನಿಧಾನ ಗಾಡಿ ಹಿಡಿದರೆ ಮುಂದಿನ ನಿಲ್ದಾಣವೇ ಅದು, ವೇಗದ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಪಾರ್ಸೆಲ್ ತರಿಸಿಕೊಳ್ಳಬಹುದು, ಆದರೆ ಸಾರಿನ ಸೊಗಸು ಪೊಟ್ಟಣದಲ್ಲಿ ಅರ್ಧ ಇಳಿಯುತ್ತದೆ. ವಾರದ ದಿನ, ಮಧ್ಯಾಹ್ನದ ನೂಕುನುಗ್ಗಲಿಗೆ ಮುಂಚೆ, ಒಬ್ಬರೇ ಅಥವಾ ಇಬ್ಬರೇ ಹೋಗುವುದು ಮೇಲು. ಎಂಟು ಮಂದಿ ಒಟ್ಟಿಗೆ ಹೋಗಿ ಒಂದೇ ಸಾಲಿನಲ್ಲಿ ಕೂರಬೇಕೆಂದು ಹಟ ಹಿಡಿಯುವವರಿಗೂ, ಹುಟ್ಟುಹಬ್ಬದ ಕೇಕು ಕತ್ತರಿಸಲು ಮೇಜು ಹುಡುಕುವವರಿಗೂ ಇದು ಜಾಗವಲ್ಲ, ಅವರಿಗೆ ಕಿಂಗ್ಸ್ ಸರ್ಕಲಿನ ಸುತ್ತ ಬೇರೆ ಹೋಟೆಲುಗಳಿವೆ. ಹೊಸದಾಗಿ ಕೆಲಸ ಸಿಕ್ಕಿ, ಸಾಯನ್ನಿನಲ್ಲೋ ವಡಾಲಾದಲ್ಲೋ ಅಡುಗೆಮನೆಯಿಲ್ಲದ ಕೋಣೆ ಹಿಡಿದಿರುವ ನಮ್ಮ ಹುಡುಗರಿಗೆ ಮಾತ್ರ ಧೈರ್ಯವಾಗಿ ಹೇಳಬಲ್ಲೆ: ಮಧ್ಯಾಹ್ನದ್ದು ಇಲ್ಲಿ ಲಿಮಿಟೆಡ್ ತಟ್ಟೆ ಊಟ ಮಾಡಿಕೊಳ್ಳಿ, ಒಂದು ವಾರ ಒಂದೇ ಹೊತ್ತಿಗೆ ಹೋಗಿ, ಬಡಿಸುವವರ ಮುಖ ನೋಡಿ ಮಾತಾಡಿ. ಎಲೆ ಊಟವನ್ನು ಸಂಬಳದ ದಿನಕ್ಕೆ ಇಟ್ಟುಕೊಳ್ಳಿ.